ಸೊಂಟಕ್ಕೆ ಕಟ್ಟೋ ನೋಟ್‌ಬುಕ್ ಚೀಲ: ಬೋರು ಕೊರೆಸೋ ಮುಂಚೆ ಇದನ್ನ ಹೊಲಿಸಿ

ಈ ಸಲದ ಬರಹ ಬೆಳೆ ಬಗ್ಗೆ ಅಲ್ಲ, ಗೊಬ್ಬರದ ಬಗ್ಗೆನೂ ಅಲ್ಲ. ನನ್ನ ಸೊಂಟದಲ್ಲಿ ನೇತಾಡೋ ಚೀಲದ ಬಗ್ಗೆ. ಸಂತೆಯಲ್ಲಿ ನೋಡಿದವರು "ಏನಣ್ಣ, ಕಂಡಕ್ಟರ್ ಕೆಲ್ಸಕ್ಕೆ ಸೇರ್ಕಂಡ್ಯಾ?" ಅಂತಾರೆ. ಆದರೆ ನಾಲ್ಕು ಜನ ಪಕ್ಕಕ್ಕೆ ಕರೆದು, ಎಲ್ಲಿ ಹೊಲಿಸಿದ್ದು, ಎಷ್ಟು ಕೊಟ್ಟೆ, ಅಳತೆ ಹೇಳು ಅಂತ ಕೇಳಿದ್ದೂ ಉಂಟು. ಒಬ್ಬೊಬ್ಬರಿಗೆ ಹೇಳೋ ಬದಲು ಒಂದೇ ಸಲ ಬರೆದು ಹಾಕ್ತಿದೀನಿ. ಉದ್ದ ಆಗುತ್ತೆ, ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಓದಿ.

ಮೊದಲು ಇದು ಯಾರ ಚೀಲ ಅಂತ ಹೇಳಿಬಿಡ್ತೀನಿ. ಭೂವಿಜ್ಞಾನ ಓದೋರು, ಕಲ್ಲು ಬಂಡೆ ಸರ್ವೆ ಮಾಡೋರು ಸೊಂಟದ ಬೆಲ್ಟಿಗೆ ಹಾಕ್ಕೊಳ್ಳೋ ಚೀಲ ಇದು. ಅವರು ನಮ್ಮ ಕಡೆ ಬರೋದು ಹೊಸದೇನಲ್ಲ. ಮರಡಿಹಳ್ಳಿ ಹತ್ತಿರ ದಿಂಬು ಜೋಡಿಸಿಟ್ಟಂಗೆ ಇರೋ ಬಂಡೆ ನೀವೆಲ್ಲ ನೋಡಿದೀರಿ. ಬೆಂಕಿಯಂಥ ಲಾವಾ ನೀರೊಳಗೆ ಹರಿದು ತಣ್ಣಗಾದಾಗ ಆ ಥರ ಗುಂಡುಗುಂಡಗೆ ಆಗುತ್ತಂತೆ. 250 ಕೋಟಿ ವರ್ಷಕ್ಕಿಂತ ಹಳೇದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅದಕ್ಕೆ ಹೆಸರೂ ಕೊಟ್ಟಿದಾರೆ. ಒಂದು ಕಾಲಕ್ಕೆ ಸಮುದ್ರದ ತಳ ಆಗಿದ್ದ ಜಾಗದಲ್ಲಿ ನಾವು ಈಗ ಟ್ಯಾಂಕರ್ ನೀರಿಗೆ ಫೋನ್ ಮಾಡ್ತೀವಿ, ಅದು ಬೇರೆ ಮಾತು. ಚಿತ್ರದುರ್ಗದ ಈ ಕಲ್ಲಿನ ಪಟ್ಟಿ ಓದೋಕೆ ದೇಶದ ಎಲ್ಲ ಕಡೆಯಿಂದ ಹುಡುಗರು ಬರ್ತಾರೆ. 1894ರಲ್ಲಿ ಮೈಸೂರು ಸಂಸ್ಥಾನ ಭೂಗರ್ಭ ಇಲಾಖೆ ಶುರು ಮಾಡಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಹೊಣೆ ಕೊಟ್ಟಿತ್ತು. ಅವತ್ತಿಂದ ಇವತ್ತಿನವರೆಗೂ ಈ ಸೀಮೆ ಕಲ್ಲನ್ನ ಕಾಲ್ನಡಿಗೆಯಲ್ಲೇ ನೋಡಿ ಬರ್ಕಂಡಿದಾರೆ.

2014ರಲ್ಲಿ ಅಂಥದ್ದೇ ಒಂದು ತಂಡ ಎರಡು ದಿನ ನಮ್ಮ ಹೊಲದ ಮೇಲಿನ ಮಟ್ಟಿಯಲ್ಲಿ ಓಡಾಡ್ತು. ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಈ ಚೀಲ. ನಾನು ಗಮನಿಸಿದ್ದು ಒಂದೇ. ಕಲ್ಲು ಒಡೆದ ಚೂರು ಕೈಗೆ ಬರೋ ಹೊತ್ತಿಗೆ ನೋಟ್‌ಬುಕ್ ಆಚೆ ಬಂದಿರ್ತಿತ್ತು. ನಿಂತಲ್ಲೇ ಬರೆದು, ಸಣ್ಣದೊಂದು ಚಿತ್ರ ಗೀಚಿ, ಆಮೇಲೇ ಮುಂದಿನ ಹೆಜ್ಜೆ. ಸಂಜೆ ರೂಮಿಗೆ ಹೋಗಿ ನೆನಪಿಂದ ಬರೆಯೋದನ್ನ ಅವರ ಮೇಷ್ಟ್ರು ಒಪ್ಪಲ್ಲವಂತೆ. ಎರಡನೇ ದಿನ ಮಜ್ಜಿಗೆ ಕುಡಿಯೋಕೆ ಮನೆಗೆ ಬಂದಾಗ ಒಬ್ಬ ಹುಡುಗನ ಚೀಲ ಬಿಚ್ಚಿಸಿ ನೋಡಿದೆ. ದಪ್ಪ ಚರ್ಮ, ಮುಂದೆ ಪೆನ್ಸಿಲ್‌ಗೆ ನಾಲ್ಕು ಗೂಡು, ಮೇಲೆ ಮುಚ್ಚಳ, ಹಿಂದೆ ಬೆಲ್ಟು ತೂರಿಸೋ ಪಟ್ಟಿ. ಅಷ್ಟೇ. ಆದರೆ ಅದು ಮೈಮೇಲೆ ಇತ್ತು ಅನ್ನೋದೇ ದೊಡ್ಡದು.

ನಮಗೆ ಇದು ಯಾಕೆ ಬೇಕು? ಬೋರಿಗೆ ಬೇಕು.

ಬೋರ್ ಲಾರಿ ಬಂದ ದಿನ ಹೆಂಗಿರುತ್ತೆ ಅಂತ ನಿಮಗೆ ಗೊತ್ತು. ಪೂಜೆ ಆಗುತ್ತೆ, ಕಾಯಿ ಒಡಿತಾರೆ, ಕಂಪ್ರೆಸರ್ ಸದ್ದಿಗೆ ಮಾತೇ ಕೇಳಲ್ಲ. ಒಂದು ರಾತ್ರಿಯಲ್ಲೋ ಒಂದು ಹಗಲಲ್ಲೋ ಮುಗಿದು ಹೋಗುತ್ತೆ. ಆ ಏಳೆಂಟು ಗಂಟೆಯಲ್ಲಿ ನಮ್ಮ ಹೊಲದ ಹೊಟ್ಟೆಯಲ್ಲಿ ಏನಿದೆ ಅನ್ನೋದು ಪುಡಿಯಾಗಿ ಆಚೆ ಬಂದು ಬೀಳುತ್ತೆ. ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಆಮೇಲೆ ಬೂದಿ ಬಣ್ಣದ ಪುಡಿ, ನಡುವೆ ಬಿಳಿ ಬೆಣಚು, ಕೆಳಗೆ ಕಪ್ಪು ಕಲ್ಲು. ಪುಡಿ ಹಾರೋದು ನಿಂತು ಕೆಸರಾಗಿ ಬಂತು ಅಂದ್ರೆ ನೀರು ಮುಟ್ಟಿದೆ ಅಂತ. ಗ್ಯಾಪ್ ಎಷ್ಟನೇ ರಾಡಿಗೆ ಸಿಕ್ತು, ಕೇಸಿಂಗ್ ಎಷ್ಟು ಅಡಿ ಇಳೀತು, ಎಲ್ಲಿಂದ ಕಲ್ಲು ಗಟ್ಟಿ ಆಯ್ತು, ಇವೆಲ್ಲ ಆ ಹೊತ್ತಲ್ಲಿ ಕಣ್ಣೆದುರೇ ನಡೆಯುತ್ತೆ. ನಾವು ದುಡ್ಡು ಕೊಟ್ಟಿರೋದು ಬರೀ ತೂತಿಗಲ್ಲ, ಈ ವಿಷಯಕ್ಕೂ ಕೊಟ್ಟಿದೀವಿ. ಆದರೆ ಬೆಳಗಾದ ಮೇಲೆ ನಮ್ಮ ಕೈಲಿ ಉಳಿಯೋದು ಅಡಿ ಲೆಕ್ಕದ ಒಂದು ಬಿಲ್ ಚೀಟಿ ಮಾತ್ರ.

ಮೂರು ವರ್ಷ ಬಿಟ್ಟು ಕೇಳಿ ನೋಡಿ. ಎಷ್ಟಡಿಗೆ ನೀರು ಬಿತ್ತು ಅಂದ್ರೆ ಅಪ್ಪ ಒಂದು ಹೇಳ್ತಾರೆ, ಮಗ ಒಂದು ಹೇಳ್ತಾನೆ. ನಮ್ಮ ದೊಡ್ಡಪ್ಪನ ಬೋರು ನಾನು ಚಿಕ್ಕವನಿದ್ದಾಗ ಇನ್ನೂರು ಅಡಿ ಇತ್ತು, ಅವರು ತೀರಿಕೊಳ್ಳೋ ಹೊತ್ತಿಗೆ ಮುನ್ನೂರಾಗಿತ್ತು. ಬೋರು ಇಳಿದಿರಲಿಲ್ಲ, ಮಾತು ಬೆಳೆದಿತ್ತು. ಯಾವ ವರ್ಷ ಅಂತ ಕೇಳಿದ್ರೂ ಅಷ್ಟೇ. "ಡ್ಯಾಮು ಕೋಡಿ ಬಿದ್ದ ವರ್ಷ" ಅಂತೀವಿ. 2022ರಲ್ಲಿ ವಾಣಿವಿಲಾಸ ಸಾಗರ 1933 ಆದಮೇಲೆ ಮೊದಲ ಸಲ ಕೋಡಿ ಬಿದ್ದಿದ್ದು ಯಾರಿಗೂ ಮರೆಯಲ್ಲ. ಆದರೆ ಅದರ ಹಿಂದಿನ ವರ್ಷನೋ ಮುಂದಿನ ವರ್ಷನೋ ಅನ್ನೋದಕ್ಕೇ ಕಟ್ಟೆ ಮೇಲೆ ಅರ್ಧ ಗಂಟೆ ಜಗಳ ಆಗುತ್ತೆ.

ಬರೆದಿಟ್ಟಿದ್ದು ಏನು ಉಪಯೋಗಕ್ಕೆ ಬಂತು ಅಂತ ಒಂದು ವಿಷಯ ಹೇಳ್ತೀನಿ. 2023ರಲ್ಲಿ ಮಳೆ ಕೈಕೊಟ್ಟಿದ್ದು, 2024ರ ಬೇಸಿಗೆ ಹೆಂಗೆ ಕಳೀತು ಅನ್ನೋದು ನಿಮಗೂ ಗೊತ್ತು. ನಮ್ಮ ಅಡಿಕೆ ತೋಟದ ಬೋರು ಏಪ್ರಿಲ್ ಹೊತ್ತಿಗೆ ಇಪ್ಪತ್ತು ನಿಮಿಷ ಓಡಿ ಗಾಳಿ ಉಗುಳ್ತಿತ್ತು. ನನ್ನ ತಮ್ಮ ಸಾವಿರ ಅಡಿ ಕೊರೆಸೋಣ ಅಂತ ಪಟ್ಟು ಹಿಡಿದ. ಪಾಯಿಂಟ್ ಮಾಡೋರು ಬಂದು ಹೋದ್ರು, ಕಾಯಿ ನಿಂತ್ಕೊಂಡ್ತು. ಏಜೆಂಟು ಅಡ್ವಾನ್ಸ್ ಕೇಳೋಕೆ ಮನೆ ಬಾಗಿಲಿಗೇ ಬಂದ. ಕೈಲಿದ್ದ ದುಡ್ಡು ತಮ್ಮನ ಮಗಳ ಕಾಲೇಜಿನ ಫೀಸು. ಸಾಲದ್ದಕ್ಕೆ ಒಡವೆ ಇಡೋ ಮಾತೂ ಆಯ್ತು. ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಾನು ವಾದ ಮಾಡಲಿಲ್ಲ, ನೋಟ್‌ಬುಕ್ ತಂದಿಟ್ಟೆ. ನಮ್ಮ ಸುತ್ತ ಐದು ಬೋರು. ಮೂರು ಕೊರೆಯುವಾಗ ನಾನೇ ನಿಂತು ರಾಡ್ ಎಣಿಸಿ ಬರೆದಿದ್ದು. ಇನ್ನೆರಡು ಹಳೇವು, ಹಿರಿಯರ ಬಾಯಿಂದ ಕೇಳಿ ಪ್ರಶ್ನೆ ಚಿಹ್ನೆ ಹಾಕಿ ಬರೆದಿದ್ದೆ. ಮೂರರಲ್ಲೂ ಗ್ಯಾಪ್ ಸಿಕ್ಕಿದ್ದು 180 ಅಡಿಯಿಂದ 310 ಅಡಿ ಒಳಗೆ. ಒಂದು 720 ಅಡಿ ಹೋಗಿತ್ತು, ಇನ್ನೊಂದು 650. ಆ ಎರಡರಲ್ಲೂ 400ರಿಂದ ಕೆಳಗೆ ಪ್ರತಿ ರಾಡಿಗೂ ಒಂದೇ ಮಾತು ಬರೆದಿತ್ತು: ಕಪ್ಪು ಕಲ್ಲು, ಪುಡಿ ಒಣ, ನೀರಿಲ್ಲ. ತಮ್ಮ ಆ ಪುಟಗಳನ್ನ ಎರಡು ಸಲ ತಿರುವಿ ಹಾಕಿದ. "ಇದೇ ಕಲ್ಲಲ್ಲವಾ ನಮ್ಮ ತೋಟದ ಕೆಳಗೂ ಇರೋದು" ಅಂದ. ಕೊರೆಸಲಿಲ್ಲ. ಹಳೇ ಅಡಿಕೆ ಅರ್ಧ ಎಕರೆ ಕೈಬಿಟ್ಟು, ಉಳಿದ ಗಿಡಕ್ಕೆ ಡ್ರಿಪ್ ಸರಿ ಮಾಡಿ, ಕೃಷಿ ಹೊಂಡದ ಹೂಳು ತೆಗೆಸಿದ್ವಿ. ಒಣಗಿದ ಮರ ಕಡಿಯುವಾಗ ಅಮ್ಮ ಆ ಕಡೆ ತಲೆ ಹಾಕಲಿಲ್ಲ. ಆದರೆ ಮಗು ಕಾಲೇಜಿಗೆ ಹೋಯ್ತು. ಕೊರೆಸಿದ್ದರೆ ನೀರು ಬೀಳ್ತಿತ್ತೋ ಇಲ್ಲವೋ ಹೇಳೋಕೆ ನಾನು ದೇವರಲ್ಲ. ನಮ್ಮಂಥ ಗಟ್ಟಿ ಕಲ್ಲಿನ ಸೀಮೆಯಲ್ಲಿ ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಮ್ಮಿ ಆಗುತ್ತೆ, ಹಂಗಂತ ಎಲ್ಲ ಕಡೆ ಅದೇ ನಿಯಮ ಅಲ್ಲ. ನೋಟ್‌ಬುಕ್ ನೀರು ಹುಡುಕಿಕೊಡಲ್ಲ. ದುಡ್ಡು ಎಲ್ಲಿ ಸುರಿಯಬಾರದು ಅನ್ನೋದಕ್ಕೆ ಒಂದು ಆಧಾರ ಕೊಡುತ್ತೆ.

ಈಗ ಚೀಲದ ವಿಷಯ. ಬರೀಬೇಕು ಅಂತ ಎಲ್ಲರಿಗೂ ಮನಸ್ಸಿರುತ್ತೆ. ಆದರೆ ನೋಟ್‌ಬುಕ್ ಮನೆಯ ಗೂಡಲ್ಲಿರುತ್ತೆ, ಪುಡಿ ಹೊಲದಲ್ಲಿ ಬೀಳ್ತಿರುತ್ತೆ. ಅಂಗಿ ಜೇಬಿಗೆ ಹಾಕಿದ್ರೆ ಬಗ್ಗಿದಾಗ ಬೀಳುತ್ತೆ, ಬೆವರಿಗೆ ಒದ್ದೆ ಆಗುತ್ತೆ. ಕೈಚೀಲದಲ್ಲಿಟ್ಟು ಬದಿಗೆ ನೇತು ಹಾಕಿದ್ರೆ ಅದು ಬೇವಿನ ಮರದ ಹತ್ತಿರ, ನಾವು ಲಾರಿ ಹತ್ತಿರ. ಫೋನಲ್ಲಿ ಬರೆಯೋಣ ಅಂದ್ರೆ ಕೈ ಕೆಸರು, ಬಿಸಿಲಿಗೆ ಸ್ಕ್ರೀನ್ ಕಾಣಲ್ಲ, ಆ ಹೊತ್ತಿಗೇ ಯಾರದೋ ಫೋನ್ ಬರುತ್ತೆ. ಫೋಟೋ ತೆಗೆಯೋಕೆ ಫೋನ್ ಇರಲಿ, ಬರೆಯೋಕೆ ಕಾಗದವೇ ಸರಿ.

ಮೊದಲು ನೋಟ್‌ಬುಕ್ ಆರಿಸಿ, ಆಮೇಲೆ ಅದರ ಅಳತೆಗೆ ಚೀಲ. ಭೂವಿಜ್ಞಾನದವರು ಬಳಸೋ ಪುಸ್ತಕ ಹೆಚ್ಚುಕಮ್ಮಿ ನಾಲ್ಕೂಮುಕ್ಕಾಲು ಇಂಚು ಅಗಲ, ಏಳೂಕಾಲು ಇಂಚು ಉದ್ದ ಇರುತ್ತೆ, ರಟ್ಟು ಗಟ್ಟಿ. ಅವರಿಗೆ ಅದು ಸರಿ, ಅವರು ನಿಂತು ಬರೀತಾರೆ. ನಾವು ದಿನಕ್ಕೆ ನೂರು ಸಲ ಕುಕ್ಕರಗಾಲಲ್ಲಿ ಕೂರೋರು. ಕಳೆ ಕೀಳಬೇಕು, ಡ್ರಿಪ್ಪಿನ ತೂತು ನೋಡಬೇಕು, ವಾಲ್ವ್ ತಿರುಗಿಸಬೇಕು. ಏಳೂಕಾಲು ಇಂಚಿನ ಪುಸ್ತಕ ಸೊಂಟದಲ್ಲಿಟ್ಟು ಕೂತು ನೋಡಿ, ತೊಡೆ ಅದನ್ನ ಮೇಲಕ್ಕೆ ತಳ್ಳುತ್ತೆ, ಮೇಲಿನ ಅಂಚು ಪಕ್ಕೆಲುಬಿಗೆ ಚುಚ್ಚುತ್ತೆ. ಎರಡು ದಿನದಲ್ಲಿ ಚೀಲ ಬಿಚ್ಚಿ ಇಟ್ಟುಬಿಡ್ತೀರಿ. ಅದಕ್ಕೇ ನಮಗೆ ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪುಸ್ತಕ ಸಾಕು. ರಟ್ಟಿನ ಬೈಂಡು, ಹೊಲಿಗೆ ಹಾಕಿದ್ದು ತಗೊಳ್ಳಿ. ತಂತಿ ಸುರುಳಿಯದ್ದು ಬೇಡ, ಚೀಲದಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಾಕೊಳ್ಳುತ್ತೆ, ಒಂದು ಸಲ ಬಗ್ಗಿದ್ರೆ ಹಾಳೆ ತಿರುಗಲ್ಲ. ಅಮೆರಿಕದಲ್ಲಿ ರೈಟ್ ಇನ್ ದ ರೇನ್ ಅನ್ನೋ ಹೆಸರಲ್ಲಿ ಮಳೆಯಲ್ಲೂ ಬರೆಯೋ ಕಾಗದ 1916ರಿಂದ ಮಾಡ್ತಿದಾರೆ. ಒಳ್ಳೇದೇ, ಆದರೆ ನಮ್ಮ ಕಡೆ ಬೀಳೋ ಮಳೆಗೆ ಅಷ್ಟು ಖರ್ಚು ಬೇಡ. ಸಾದಾ ಪುಸ್ತಕಕ್ಕೆ ಪೆನ್ಸಿಲ್ ಇದ್ದರೆ ಸಾಕು. ಜೆಲ್ ಪೆನ್ನಿನ ಇಂಕು ಒಂದು ಹನಿ ನೀರಿಗೇ ಹರಡಿ ಹೋಗುತ್ತೆ. ಪೆನ್ಸಿಲ್ ಬರಹ ಪುಸ್ತಕ ಕಾಲುವೆಗೆ ಬಿದ್ದು ಒಣಗಿದ್ರೂ ಉಳಿಯುತ್ತೆ.

ಚೀಲಕ್ಕೆ ಯಾವ ಬಟ್ಟೆ ಅನ್ನೋದು ಎರಡನೇದು. ಮೂರು ಥರದ್ದನ್ನ ಒಂದೊಂದು ಹಂಗಾಮು ಕಟ್ಟಿ ನೋಡಿದೀನಿ.

ಚರ್ಮದ್ದು ನೋಡೋಕೆ ಚೆಂದ, ಮುಳ್ಳಿಗೆ ಜಗ್ಗಲ್ಲ, ಆಕಾರ ಕೆಡಲ್ಲ. ಆಕಾರ ಕೆಡದೇ ಇರೋದು ದೊಡ್ಡ ಅನುಕೂಲ. ಬಾಯಿ ತೆರೆದೇ ಇರುತ್ತೆ, ಒಂದೇ ಕೈಯಲ್ಲಿ ಪುಸ್ತಕ ವಾಪಸ್ ತೂರಿಸಬಹುದು. ಆದರೆ ನೆಂದ ಚರ್ಮ ಬಿಸಿಲಿಗಿಟ್ಟರೆ ಹಪ್ಪಳದಂಗೆ ಸೆಟೆದುಕೊಳ್ಳುತ್ತೆ, ಮಳೆಗಾಲದಲ್ಲಿ ಮೂಲೆಗಿಟ್ಟರೆ ಬೂಷ್ಟು ಹಿಡಿಯುತ್ತೆ. ನೆರಳಲ್ಲಿ ಒಣಗಿಸಬೇಕು, ಆಗಾಗ ಪಾಲಿಷ್ ಹಾಕಬೇಕು. ದಿನಾ ನೀರು ಹಾಯಿಸೋ ಕೆಲಸ ಇರೋರಿಗೆ ಇದು ಒಗ್ಗಲ್ಲ. ಬರೀ ಮಳೆಯಾಶ್ರಿತ ಹೊಲ ಇರೋರು, ಇಷ್ಟ ಇದ್ದರೆ ಚರ್ಮದ್ದೇ ಹೊಲಿಸಿ.

ಸ್ಕೂಲ್ ಬ್ಯಾಗಿನ ನೈಲಾನ್ ಹಗುರ, ಬೇಗ ಒಣಗುತ್ತೆ, ಕೊಳೆಯಲ್ಲ, ಅಗ್ಗ. ಆದರೆ ಮೆತ್ತಗೆ ಇರೋದ್ರಿಂದ ಪುಸ್ತಕ ತೆಗೆದ ತಕ್ಷಣ ಬಾಯಿ ಮುಚ್ಕೊಳ್ಳುತ್ತೆ. ವಾಪಸ್ ಹಾಕೋಕೆ ಎರಡು ಕೈ ಬೇಕು. ಒಂದು ಕೈಯಲ್ಲಿ ಪೈಪು ಹಿಡಿದಿದ್ರೆ ಪುಸ್ತಕ ಬಾಯಲ್ಲಿ ಕಚ್ಕೊಳ್ಳಬೇಕಾಗುತ್ತೆ. ಹಿಂದಿನ ಮೈಗೆ ಒಳಗಡೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಹೊಲಿಸಿದ್ರೆ ಸ್ವಲ್ಪ ಪರವಾಗಿಲ್ಲ.

ಮೂರನೇದು ಲಾರಿ ಟಾರ್ಪಾಲಿನ ದಪ್ಪ ಕ್ಯಾನ್ವಾಸ್. ನನ್ನ ಸೊಂಟದಲ್ಲಿ ಈಗ ಇರೋದು ಇದೇ. ನಮ್ಮದು ಹೆದ್ದಾರಿ ಪಕ್ಕದ ಸೀಮೆ, ಟಾರ್ಪಾಲು ಹೊಲಿಯೋರು ಸಿಗ್ತಾರೆ. ಅವರ ಹತ್ತಿರ ತುಂಡು ಬಟ್ಟೆ ಬಿದ್ದಿರುತ್ತೆ, ಸೂಜಿ ದಾರ ಎರಡೂ ಗಟ್ಟಿ ಇರುತ್ತೆ. ಸಣ್ಣ ಕೆಲಸ ಅಂತ ಮೊದಲು ಮೂಗು ಮುರೀತಾರೆ, ಟೀ ಕುಡಿಸಿ ಕೂತರೆ ಮಾಡಿಕೊಡ್ತಾರೆ. ನನಗೆ ಬಟ್ಟೆ, ಕೂಲಿ ಎಲ್ಲ ಸೇರಿ ಮುನ್ನೂರೈವತ್ತು ಆಯ್ತು. ಜಾಲಿ ಮುಳ್ಳಿಗೆ ಹರಿಯಲ್ಲ, ನೀರು ತಕ್ಷಣ ಒಳಗಿಳಿಯಲ್ಲ, ನಿಲ್ಲೋ ಅಷ್ಟು ಗಟ್ಟಿತನ ಇದೆ.

ಮುಚ್ಚಳ ಹೆಂಗಿರಬೇಕು ಅನ್ನೋದು ಬಟ್ಟೆಗಿಂತ ಮುಖ್ಯ. ಜಿಪ್ ಬೇಡ. ನಮ್ಮ ಕೆಂಪು ಧೂಳು ಒಂದು ತಿಂಗಳಲ್ಲಿ ಅದರ ಹಲ್ಲು ಹಿಡಿದುಬಿಡುತ್ತೆ, ಅದೂ ಅಲ್ಲದೆ ಎಳೆಯೋಕೆ ಎರಡು ಕೈ ಬೇಕು. ಪರಪರ ಅಂತ ಕೀಳೋ ವೆಲ್ಕ್ರೋ ಪಟ್ಟಿ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತೆ. ಆದರೆ ಅದನ್ನ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್‌ಗೆ ಆ ಯೋಚನೆ ಹೊಳೆದಿದ್ದೇ ಬಟ್ಟೆಗೂ ನಾಯಿ ಮೈಗೂ ಅಂಟಿಕೊಳ್ಳೋ ಮುಳ್ಳುಕಾಯಿ ನೋಡಿ. ನಮ್ಮ ಬದುವಿನ ಉತ್ತರಾಣಿಗೆ ಅದು ಗೊತ್ತಿದೆ ಅನ್ಸುತ್ತೆ, ಹುಡುಕ್ಕೊಂಡು ಬಂದು ಅಲ್ಲೇ ಕೂರುತ್ತೆ. ಉತ್ತರಾಣಿ ಬೀಜ, ಹುಲ್ಲಿನ ಮುಳ್ಳು, ಹತ್ತಿ ಎಳೆ ತುಂಬಿದ ಮೇಲೆ ಪಟ್ಟಿ ಹಿಡಿಯಲ್ಲ. ಅಯಸ್ಕಾಂತದ ಗುಂಡಿನೂ ಇದೆ, ಟಕ್ ಅಂತ ಮುಚ್ಕೊಳ್ಳುತ್ತೆ. ಭೂವಿಜ್ಞಾನದವರು ಇದನ್ನ ಹತ್ತಿರ ಸೇರಿಸಲ್ಲ, ಅವರ ದಿಕ್ಸೂಚಿ ಮುಳ್ಳು ತಪ್ಪು ತೋರಿಸುತ್ತೆ ಅಂತ. ನಾವೂ ಬೋರಿನ ಜಾಗ ಗುರುತು ಮಾಡೋಕೆ ಫೋನಿನ ದಿಕ್ಸೂಚಿ ನೋಡ್ತೀವಿ, ಅದಕ್ಕೂ ಇದೇ ತೊಂದರೆ. ಹಂಗಾಗಿ ಅಯಸ್ಕಾಂತ ಬೇಡ.

ನನಗೆ ಸರಿ ಬಂದಿದ್ದು ಉದ್ದದ ಮುಚ್ಚಳ, ಒಂದೇ ಒಂದು ಹಿತ್ತಾಳೆ ಟಿಚ್ ಬಟನ್. ಮುಚ್ಚಳ ಮುಂದೆ ಮೂರು ಇಂಚು ಇಳಿಬಿದ್ದಿರಬೇಕು. ಬಟನ್ ಹಾಕೋದು ಮರೆತರೂ ಅದರ ಭಾರಕ್ಕೇ ಅದು ಮುಚ್ಕೊಂಡಿರುತ್ತೆ, ಮಳೆ ಹನಿ ಒಳಗೆ ಹೋಗಲ್ಲ. ಕಬ್ಬಿಣದ ಬಟನ್ ಹಾಕಿಸಬೇಡಿ, ಬೆವರಿಗೂ ಗೊಬ್ಬರದ ಕೈಗೂ ತುಕ್ಕು ಹಿಡಿದು ಬಟ್ಟೆ ತಿನ್ನುತ್ತೆ.

ಯಾವ ಕಡೆ ಕಟ್ಟಬೇಕು? ಬಲಗೈಯಲ್ಲಿ ಬರೆಯೋರು ಎಡಕ್ಕೆ ಕಟ್ಟಿ. ಎಡಗೈ ಪುಸ್ತಕ ತೆಗೆದು ಹಿಡಿಯುತ್ತೆ, ಬಲಗೈ ಪೆನ್ಸಿಲ್ ತೆಗೆಯುತ್ತೆ. ಕುಡುಗೋಲು ಮಚ್ಚು ಬಲಕ್ಕೇ ಇರಲಿ. ಪೂರ್ತಿ ಹಿಂದಕ್ಕೆ ತಳ್ಳಿದ್ರೆ ಟ್ರ್ಯಾಕ್ಟರ್ ಸೀಟಿನಲ್ಲಿ ಒತ್ತುತ್ತೆ, ಪೂರ್ತಿ ಮುಂದಕ್ಕೆ ತಂದ್ರೆ ಬಗ್ಗೋಕೆ ಆಗಲ್ಲ. ಪ್ಯಾಂಟಿನ ಪಕ್ಕದ ಹೊಲಿಗೆಯಿಂದ ನಾಲ್ಕು ಬೆರಳು ಮುಂದಕ್ಕೆ ಇದ್ದರೆ ಬೈಕಿಗೂ ಸರಿ, ಕೂರೋಕೂ ಸರಿ. ಚೀಲದ ಮೇಲಿನ ಅಂಚು ಬೆಲ್ಟಿಗಿಂತ ಎರಡು ಇಂಚು ಕೆಳಗೆ ಬರೋ ಹಂಗೆ ಪಟ್ಟಿ ಉದ್ದ ಬಿಡಿಸಿ. ಆಗ ಕೂತಾಗ ಅದು ತೊಡೆಯ ಪಕ್ಕಕ್ಕೆ ಸರಿಯುತ್ತೆ, ಪಕ್ಕೆಗೆ ಚುಚ್ಚಲ್ಲ. ಕ್ಲಿಪ್ ಹಾಕಿ ಸಿಕ್ಕಿಸೋದು ಬೇಡ, ಬೇಲಿ ದಾಟುವಾಗ ಕಳಚಿ ಬೀಳುತ್ತೆ. ಬೆಲ್ಟು ತೂರೋ ಪಟ್ಟಿ ಎರಡು ಇರಲಿ. ಒಂದೇ ಇದ್ದರೆ ಚೀಲ ದೇವಸ್ಥಾನದ ಗಂಟೆ ಥರ ತೂಗುತ್ತೆ.

ಪಂಚೆ ಉಡೋರಿಗೆ ಬೆಲ್ಟೆಲ್ಲಿ ಅಂತ ಕೇಳ್ತೀರಿ. ದನದ ವ್ಯಾಪಾರಿಗಳು ಪಂಚೆ ಮೇಲೆ ಅಗಲದ ಬೆಲ್ಟು ಕಟ್ಟಿ ಅದರ ಜೇಬಲ್ಲಿ ದುಡ್ಡು ಇಡ್ತಿದ್ದದ್ದು ನೆನಪು ಮಾಡ್ಕೊಳ್ಳಿ. ಅಂಥ ಬೆಲ್ಟು ಈಗಲೂ ಸಂತೆಯಲ್ಲಿ ಸಿಗುತ್ತೆ, ಅದಕ್ಕೆ ತೂರೋ ಹಂಗೆ ಪಟ್ಟಿ ಅಗಲ ಮಾಡಿಸಿ. ಯೋಚನೆ ಮಾಡಿದ್ರೆ ಇದು ನಮಗೆ ಹೊಸದೂ ಅಲ್ಲ. ನಮ್ಮಜ್ಜಿ ಸೊಂಟದಲ್ಲಿ ಸಿಕ್ಕಿಸ್ತಿದ್ದ ಎಲೆ ಅಡಿಕೆ ಸಂಚಿಯಲ್ಲಿ ಗೂಡೊಳಗೆ ಗೂಡು ಇರ್ತಿತ್ತು. ಅಡಿಕೆಗೊಂದು, ಎಲೆಗೊಂದು, ಚಿಲ್ಲರೆಗೊಂದು. ಕತ್ತಲಲ್ಲೂ ಕೈ ಹಾಕಿದ ಕಡೆ ಬೇಕಾದ್ದು ಸಿಗ್ತಿತ್ತು.

ಸೀರೆ ಉಡೋ ಹೆಣ್ಣುಮಕ್ಕಳಿಗೆ ಬೆಲ್ಟಿನ ಚೀಲ ಆಗಿ ಬರಲ್ಲ. ನಮ್ಮ ಮನೆಯವಳು ಹೂವಿನ ಲೆಕ್ಕ, ಹಾಲಿನ ಲೆಕ್ಕ, ಬೋರ್ ಎಷ್ಟು ಹೊತ್ತು ಓಡ್ತು ಅನ್ನೋದೆಲ್ಲ ಬರೆಯೋಳು. ಅವಳೇ ಕ್ಯಾನ್ವಾಸ್ ತುಂಡಲ್ಲಿ ಅಡ್ಡಕ್ಕೆ ಹೆಗಲಿಗೆ ಹಾಕೋ ಹಂಗೆ ಹೊಲ್ಕೊಂಡಳು. ಸೊಂಟಕ್ಕೆ ಒಂದು ಲಾಡಿ ಕಟ್ಟಿದಾಳೆ, ಬಗ್ಗಿದಾಗ ಚೀಲ ಮುಂದಕ್ಕೆ ಜೋಲಲ್ಲ. ನನ್ನದಕ್ಕಿಂತ ಅವಳದ್ದೇ ಚೆನ್ನಾಗಿದೆ ಅಂತ ಟಾರ್ಪಾಲಿನವರೂ ಒಪ್ಪಿದ್ರು.

ಹೊಲಿಸೋಕೆ ಹೋಗುವಾಗ ಈ ಅಳತೆ ಬರ್ಕೊಂಡು ಹೋಗಿ:

ಪುಸ್ತಕ 4 ಇಂಚು ಅಗಲ, 6 ಇಂಚು ಉದ್ದ, ಮುಕ್ಕಾಲು ಇಂಚು ದಪ್ಪ ಅಂತಿಟ್ಟುಕೊಳ್ಳಿ.
ಚೀಲದ ಒಳ ಅಗಲ ಚಪ್ಪಟೆ ಇಟ್ಟಾಗ 5 ಇಂಚು. ಬಿಗಿ ಮಾಡಿಸಬೇಡಿ, ಬರೀತಾ ಬರೀತಾ ಪುಸ್ತಕ ಉಬ್ಬುತ್ತೆ.
ಒಳ ಎತ್ತರ ಆರೂವರೆ ಇಂಚು. ಮುಂದಿನ ಅಂಚಲ್ಲಿ ಹೆಬ್ಬೆರಳು ಹಿಡಿಸೋ ಅಷ್ಟು ಅರ್ಧ ಚಂದ್ರಾಕಾರ ಕತ್ತರಿಸಲಿ.
ಮುಂದೆ ಪೆನ್ಸಿಲ್‌ಗೆ ಎರಡು ಗೂಡು. ತಳ ಹೊಲಿದಿರಲಿ, ಇಲ್ಲದಿದ್ರೆ ಪೆನ್ಸಿಲ್ ಕೆಳಗಿಂದ ಜಾರುತ್ತೆ.
ಅದರ ಪಕ್ಕ ಒಂದು ಚಪ್ಪಟೆ ಜೇಬು. ಸಣ್ಣ ಪ್ಲಾಸ್ಟಿಕ್ ಕವರ್ ಹತ್ತು ಇಡೋಕೆ.
ತಳದಲ್ಲಿ ಒಂದು ಹಿತ್ತಾಳೆ ಬಳೆ ಹಾಕಿದ ತೂತು. ಧೂಳು ನೀರು ಇಳಿದು ಹೋಗಲಿ.
ಬೆಲ್ಟ್ ಪಟ್ಟಿಗೆ ಡಬಲ್ ಹೊಲಿಗೆ, ನೈಲಾನ್ ದಾರ.

ಪೆನ್ಸಿಲ್‌ಗೆ ದಾರ ಕಟ್ಟಿ ಚೀಲಕ್ಕೇ ಗಂಟು ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಬೇಕೇಬೇಕು.

ಇನ್ನು ಬೋರ್ ದಿನ ಏನು ಬರೀಬೇಕು ಅನ್ನೋದು. ಮೊದಲ ಪುಟದಲ್ಲಿ ಹೆಸರು, ಊರು, ಫೋನ್ ನಂಬರು. ಪ್ರತಿ ಪುಟಕ್ಕೂ ನಂಬರ್ ಹಾಕಿ. ಬೋರಿನ ಪುಟದ ಮೇಲೆ ತಾರೀಕು, ಸರ್ವೆ ನಂಬರು, ಯಾವ ಮರದಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ. ಮೊದಲೇ ರಾಡ್ ಎಷ್ಟಡಿ ಅಂತ ಡ್ರಿಲ್ಲರ್ ಹತ್ತಿರ ಕೇಳಿ ಬರ್ಕೊಳ್ಳಿ. ನಮ್ಮಲ್ಲಿಗೆ ಬಂದ ಲಾರಿಗಳದ್ದು 20 ಅಡಿ ಇತ್ತು. ಪ್ರತಿ ರಾಡಿಗೂ ಒಂದು ಗೆರೆ: ರಾಡ್ ನಂಬರು, ಪುಡಿ ಬಣ್ಣ, ಒಣನೋ ಹಸಿನೋ, ಎಷ್ಟು ನಿಮಿಷ ಹಿಡೀತು. ಬೇಗ ಇಳಿದ್ರೆ ಕಲ್ಲು ಮೆತ್ತಗೆ ಅಥವಾ ಒಡಕು, ನಿಧಾನ ಆದ್ರೆ ಗಟ್ಟಿ. ಬಣ್ಣ ಬದಲಾದ ಕಡೆ ಒಂದು ಹಿಡಿ ಪುಡಿ ಕವರಿಗೆ ಹಾಕಿ, ಒಳಗೆ ಚೀಟಿ ಇಡಿ. ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಆ ಕಡೆ ನಿಂತ್ಕೊಳ್ಳಿ, ಬಾಯಿ ಮೂಗಿಗೆ ಟವೆಲ್ ಕಟ್ಟಿ. ಆ ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಬೋರ್ ಆದ ಮೇಲೂ ಕೆಲಸ ಇದೆ. ನೀರು ಎಷ್ಟು ಅಂದ್ರೆ "ಎರಡಿಂಚು, ಎರಡೂವರೆ ಇಂಚು" ಅಂತ ಕಣ್ಣಂದಾಜು ಹೇಳ್ತೀವಿ. ಇನ್ನೂರು ಲೀಟರ್ ಡ್ರಮ್ಮು ಎಷ್ಟು ಹೊತ್ತಲ್ಲಿ ತುಂಬ್ತು ಅಂತ ನೋಡಿ. ಎರಡು ನಿಮಿಷಕ್ಕೆ ತುಂಬಿದ್ರೆ ನಿಮಿಷಕ್ಕೆ ನೂರು ಲೀಟರ್, ಗಂಟೆಗೆ ಆರು ಸಾವಿರ. ಮೋಟರ್ ಆನ್ ಮಾಡಿ ಎಷ್ಟು ನಿಮಿಷಕ್ಕೆ ನೀರು ಒಡೀತು ಅನ್ನೋದನ್ನೂ ಬರೀರಿ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳ ನೀರಿನ ಮಟ್ಟ ವರ್ಷಕ್ಕೆ ನಾಲ್ಕು ಸಲ ಅಳೀತಾರೆ. ನಾವೂ ಕನಿಷ್ಠ ನಾಲ್ಕು ಸಲ ಈ ಡ್ರಮ್ಮಿನ ಲೆಕ್ಕ ಮಾಡಿದ್ರೆ ಬೋರು ಸಾಯೋ ಮುಂಚೆ ಸುಳಿವು ಸಿಗುತ್ತೆ. ಸುಳಿವು ಸಿಕ್ಕ ವರ್ಷ ಬೆಳೆ ಬದಲಾಯಿಸಬಹುದು. ನೀರು ನಿಂತ ಮೇಲೆ ಬದಲಾಯಿಸೋಕೆ ಏನೂ ಉಳಿದಿರಲ್ಲ.

ಬರೆದ ಪುಟಗಳನ್ನ ಭಾನುವಾರಕ್ಕೊಂದು ಸಲ ಫೋನಲ್ಲಿ ಫೋಟೋ ತೆಗೆದು ಮನೆಯಲ್ಲಿ ಇನ್ನೊಬ್ಬರಿಗೆ ಕಳಿಸಿ. ಪುಸ್ತಕ ಕಳೆದ್ರೂ ಒಂದು ವಾರದ್ದು ಮಾತ್ರ ಹೋಗುತ್ತೆ.

ಒಬ್ಬನ ಪುಸ್ತಕದಿಂದ ಆಗೋದು ಸ್ವಲ್ಪ. ನನ್ನ ಮೂರು ಬೋರಿನ ಪಕ್ಕ ನಿಮ್ಮ ಎರಡು, ಹಳ್ಳದ ಆಚೆಯವರದ್ದು ನಾಲ್ಕು ಇಟ್ಟು ನೋಡಿದ್ರೆ ಗ್ಯಾಪ್ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಅನ್ನೋದು ಒಂದು ಗೆರೆಯಾಗಿ ಕಾಣೋಕೆ ಶುರುವಾಗುತ್ತೆ. ಕಲ್ಲಿನ ಬಿರುಕಿಗೆ ಪಹಣಿ ಗೊತ್ತಿಲ್ಲ, ಅದು ನನ್ನ ಹೊಲ ನಿನ್ನ ಹೊಲ ನೋಡಲ್ಲ. ನಮ್ಮ ಬೀದಿಯಲ್ಲಿ ಈಗ ನಾಲ್ಕು ಜನ ಬರೀತಿದಾರೆ, ಹುಣ್ಣಿಮೆ ಮಾರನೇ ದಿನ ಸಂಜೆ ಕೂತು ಪುಟ ಬದಲಾಯಿಸಿಕೊಳ್ತೀವಿ.

ನಿಮ್ಮಲ್ಲಿ ಯಾರ ಮನೆಗಾದ್ರೂ ಬೋರ್ ಲಾರಿ ಬರೋದಿದ್ರೆ ಹಿಂದಿನ ದಿನ ಒಂದು ಮಾತು ಹೇಳಿ. ರಾತ್ರಿ ಆದ್ರೂ ಬಂದು ಪಕ್ಕದಲ್ಲಿ ನಿಂತು ರಾಡ್ ಎಣಿಸ್ತೀನಿ. ಪುಸ್ತಕ ಮಾತ್ರ ನಿಮ್ಮದೇ ಇರಲಿ.